ಘೋಷಣೆಯಿಂದ ರಸೀದಿಯವರೆಗೆ: ಅಮೆರಿಕದ ನಗರಗಳ ಕೈಯಲ್ಲಿ ಕೋವಿಡ್ ಚೇತರಿಕೆಯ ಹಣ

ಅಮೆರಿಕದ ಯಾವುದೋ ನಗರದ ಮೇಯರ್ ಯುವಜನರ ಕಾರ್ಯಕ್ರಮಕ್ಕೆ 50 ಲಕ್ಷ ಡಾಲರ್ ಕೊಡುತ್ತೇವೆಂದು ಘೋಷಿಸಿದರು, ಎರಡು ವರ್ಷ ಕಳೆದರೂ ಆ ಬಡಾವಣೆಯ ಸಂಸ್ಥೆಗೆ ಸಿಕ್ಕಿದ್ದು ಅದರಲ್ಲಿ ಒಂದು ಚೂರು. ಇಂಥ ಸುದ್ದಿ ಓದಿದವರಿಗೆ ಮೊದಲು ಬರುವ ಅನುಮಾನ ಹಣ ತಿಂದುಹಾಕಿದರು ಎಂಬುದು. ಬಹಳ ಸಲ ಯಾರೂ ತಿಂದಿರುವುದಿಲ್ಲ. ಹಣ ದಾಟಬೇಕಾದ ನಾಲ್ಕು ಹೊಸಿಲುಗಳಲ್ಲಿ ಎರಡನೆಯದರಲ್ಲೋ ಮೂರನೆಯದರಲ್ಲೋ ನಿಂತಿರುತ್ತದೆ. ಆ ಹೊಸಿಲುಗಳು ಯಾವುವು ಎಂದು ಗೊತ್ತಾದರೆ ಬಜೆಟ್ಟಿನ ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಪ್ರಶ್ನಿಸಬೇಕು ಎಂಬುದೂ ಗೊತ್ತಾಗುತ್ತದೆ.

ಹಣ ಬಂದ ದಾರಿ

2021ರ ಮಾರ್ಚ್ 11ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ 'ಅಮೆರಿಕನ್ ರೆಸ್ಕ್ಯೂ ಪ್ಲಾನ್' ಕಾಯ್ದೆಯ ಒಟ್ಟು ಗಾತ್ರ ಸುಮಾರು 1.9 ಲಕ್ಷ ಕೋಟಿ ಡಾಲರ್. ಅದರಲ್ಲಿ 35,000 ಕೋಟಿ ಡಾಲರನ್ನು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಚೇತರಿಕೆ ನಿಧಿ ಎಂದು ಎತ್ತಿಟ್ಟರು. ರಾಜ್ಯಗಳು ಮತ್ತು ವಾಷಿಂಗ್ಟನ್ ಡಿ.ಸಿ.ಗೆ 19,530 ಕೋಟಿ, ಕೌಂಟಿಗಳಿಗೆ 6,510 ಕೋಟಿ, ದೊಡ್ಡ ನಗರಗಳಿಗೆ 4,560 ಕೋಟಿ, ಸಣ್ಣ ಊರುಗಳಿಗೆ ಸುಮಾರು 1,950 ಕೋಟಿ, ಮೂಲನಿವಾಸಿ ಬುಡಕಟ್ಟು ಸರ್ಕಾರಗಳಿಗೆ 2,000 ಕೋಟಿ, ಉಳಿದ 450 ಕೋಟಿ ಪೋರ್ಟೊ ರಿಕೊದಂಥ ಪ್ರಾಂತ್ಯಗಳಿಗೆ.

ದೊಡ್ಡ ನಗರ ಎಂದರೆ ಸಾಮಾನ್ಯವಾಗಿ 50,000ಕ್ಕಿಂತ ಹೆಚ್ಚು ಜನಸಂಖ್ಯೆ ಇರುವಂಥದ್ದು. ಇವಕ್ಕೆ ಹಣ ರಾಜ್ಯದ ಕೈ ಸೇರದೆ ನೇರವಾಗಿ ಕೇಂದ್ರದ ಖಜಾನೆ ಇಲಾಖೆಯಿಂದ ಬಂತು. ಜನಸಂಖ್ಯೆ, ಬಡತನ, ಹಳೆಯ ವಸತಿಗಳ ಪ್ರಮಾಣ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವ ಹಳೆಯ ಸೂತ್ರವೊಂದನ್ನು ಸ್ವಲ್ಪ ತಿದ್ದಿ ಹಂಚಿದ್ದರಿಂದ ಬಡತನ ಹೆಚ್ಚಿರುವ ಹಳೆಯ ಕೈಗಾರಿಕಾ ನಗರಗಳಿಗೆ ತಲಾವಾರು ಹೆಚ್ಚು ಸಿಕ್ಕಿತು. ಡೆಟ್ರಾಯಿಟ್‌ಗೆ ಸುಮಾರು 82.7 ಕೋಟಿ, ಬಾಲ್ಟಿಮೋರ್‌ಗೆ 64.1 ಕೋಟಿ, ಕ್ಲೀವ್‌ಲ್ಯಾಂಡ್‌ಗೆ ಸುಮಾರು 51.2 ಕೋಟಿ ಡಾಲರ್ ಬಂದದ್ದು ಹೀಗೆ. ಸಣ್ಣ ಊರುಗಳ ಪಾಲು ರಾಜ್ಯಗಳ ಮೂಲಕ, ಬರೀ ತಲೆ ಎಣಿಕೆಯ ಮೇಲೆ ಹೋಯಿತು. ಒಂದು ಊರಿನ ಪಾಲು ಅದರ ಕೊರೊನಾಪೂರ್ವ ವಾರ್ಷಿಕ ಬಜೆಟ್ಟಿನ ಶೇ. 75ನ್ನು ಮೀರುವಂತಿರಲಿಲ್ಲ.

ನಗರಗಳಿಗೆ ಹಣ ಎರಡು ಕಂತಿನಲ್ಲಿ ಬಂತು. 2021ರಲ್ಲಿ ಅರ್ಧ, ಒಂದು ವರ್ಷದ ಬಳಿಕ ಇನ್ನರ್ಧ. ಖರ್ಚು ಮಾಡಿದ ಮೇಲೆ ಮರುಪಾವತಿ ಮಾಡುವ ಅನುದಾನ ಇದಲ್ಲ, ಮುಂಗಡವಾಗಿಯೇ ಬ್ಯಾಂಕಿಗೆ ಬಿದ್ದ ಹಣ. ಅದರ ಬಡ್ಡಿಯನ್ನೂ ನಗರವೇ ಇಟ್ಟುಕೊಳ್ಳಬಹುದು, ಬಡ್ಡಿಯ ಮೇಲೆ ಯೋಜನೆಯ ನಿರ್ಬಂಧಗಳೂ ಇಲ್ಲ.

ಯಾವ ತಲೆಬರಹದಡಿ ಖರ್ಚು?

ಕಾಯ್ದೆ ಮೊದಲು ತೆರೆದದ್ದು ನಾಲ್ಕು ಬಾಗಿಲು. ಒಂದು, ಸಾರ್ವಜನಿಕ ಆರೋಗ್ಯಕ್ಕೂ ಸಾಂಕ್ರಾಮಿಕದಿಂದಾದ ಆರ್ಥಿಕ ಪೆಟ್ಟಿಗೂ ಪರಿಹಾರ. ಎರಡು, ಅಗತ್ಯ ಸೇವೆಯ ಕೆಲಸಗಾರರಿಗೆ ಹೆಚ್ಚುವರಿ ವೇತನ, ಗಂಟೆಗೆ 13 ಡಾಲರ್‌ವರೆಗೆ, ಒಬ್ಬರಿಗೆ ಒಟ್ಟು 25,000 ಡಾಲರ್ ಮೀರದಂತೆ. ಮೂರು, ನಗರ ಕಳೆದುಕೊಂಡ ಆದಾಯದ ಮಟ್ಟಿಗೆ ಸರ್ಕಾರಿ ಸೇವೆಗಳು. ನಾಲ್ಕು, ಕುಡಿಯುವ ನೀರು, ಒಳಚರಂಡಿ, ಬ್ರಾಡ್‌ಬ್ಯಾಂಡ್. 2022ರ ಕೊನೆಯಲ್ಲಿ ಸಂಸತ್ತು ಪ್ರಕೃತಿ ವಿಕೋಪ ಪರಿಹಾರ, ರಸ್ತೆ ಸಾರಿಗೆ ಮತ್ತು ಸಮುದಾಯ ಅಭಿವೃದ್ಧಿ ಕಾಮಗಾರಿಗಳನ್ನೂ ಸೇರಿಸಿತು. ಪಿಂಚಣಿ ನಿಧಿಯ ಹಳೆಯ ಬಾಕಿ ತುಂಬುವುದು, ಸಾಲದ ಕಂತು ಕಟ್ಟುವುದು, ಆಪದ್ಧನದ ಖಾತೆಗೆ ಹಾಕಿಡುವುದು ನಿಷಿದ್ಧ.

ಬಡಾವಣೆಯ ಊಟದ ಯೋಜನೆ, ಮಕ್ಕಳ ಬೇಸಿಗೆ ಶಿಬಿರ, ಬಾಡಿಗೆ ನೆರವು, ಉದ್ಯೋಗ ತರಬೇತಿ, ಬೀದಿ ಹಿಂಸಾಚಾರ ತಡೆಯುವ ಕೆಲಸ ಇವೆಲ್ಲ ಮೊದಲ ಬಾಗಿಲಿನಲ್ಲೇ ಹೋಗಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಹೋಗಬಹುದು. ಆದರೆ ನಗರದ ಹಣಕಾಸು ಅಧಿಕಾರಿಗಳ ಕಣ್ಣು ಇದ್ದದ್ದು ಮೂರನೆಯ ಬಾಗಿಲಿನ ಮೇಲೆ. ಈ ಇಡೀ ಯೋಜನೆ ಅರ್ಥವಾಗಬೇಕಾದರೆ ಅದರ ಕಾರಣ ತಿಳಿಯಲೇಬೇಕು.

ಆದಾಯ ನಷ್ಟವನ್ನು ಲೆಕ್ಕ ಹಾಕಲು ಸೂತ್ರವಿದೆ. ಸಾಂಕ್ರಾಮಿಕಕ್ಕೆ ಮುಂಚಿನ ಕೊನೆಯ ಪೂರ್ಣ ಹಣಕಾಸು ವರ್ಷದ ಆದಾಯವನ್ನು ವರ್ಷಕ್ಕೆ ಶೇ. 5.2ರಂತೆ, ಅಥವಾ ಹಿಂದಿನ ಮೂರು ವರ್ಷಗಳ ಸರಾಸರಿ ಬೆಳವಣಿಗೆ ಅದಕ್ಕಿಂತ ಹೆಚ್ಚಿದ್ದರೆ ಆ ದರದಂತೆ, ಬೆಳೆದಿದೆ ಎಂದು ಭಾವಿಸಿಕೊಂಡು, ನಿಜವಾಗಿ ಬಂದದ್ದರ ಜೊತೆ ಹೋಲಿಸಬೇಕು. ವ್ಯತ್ಯಾಸವೇ ನಷ್ಟ. 2022ರ ಜನವರಿಯಲ್ಲಿ ಬಂದ ಅಂತಿಮ ನಿಯಮ ಇದಕ್ಕೊಂದು ಒಳದಾರಿ ಕೊಟ್ಟಿತು: ಲೆಕ್ಕವೇ ಬೇಡ ಎನ್ನುವವರು 1 ಕೋಟಿ ಡಾಲರ್‌ವರೆಗೆ, ತಮಗೆ ಬಂದ ಹಣದ ಮಿತಿಯೊಳಗೆ, ನಷ್ಟವೆಂದು ನೇರವಾಗಿ ಘೋಷಿಸಬಹುದು. 80 ಲಕ್ಷ ಡಾಲರ್ ಪಡೆದ ಊರು ಪೂರ್ತಿ ಮೊತ್ತವನ್ನೇ ಈ ಖಾತೆಗೆ ಹಾಕಿದರೂ ತಪ್ಪಿಲ್ಲ.

ಈ ಖಾತೆಗೆ ಬಂದ ಹಣದಿಂದ ಸರ್ಕಾರ ಸಾಂಪ್ರದಾಯಿಕವಾಗಿ ಕೊಡುವ ಯಾವ ಸೇವೆಯನ್ನೂ ಕೊಡಬಹುದು. ಕೊರೊನಾದ ಪೆಟ್ಟು ಯಾರಿಗೆ ಎಷ್ಟು ಬಿತ್ತು ಎಂದು ಸಾಬೀತು ಮಾಡಬೇಕಿಲ್ಲ. ಈ ತಲೆಬರಹದಡಿ ಸಂಸ್ಥೆಗಳಿಗೆ ಕೊಡುವ ಹಣವನ್ನು ಖಜಾನೆ ಇಲಾಖೆ ಉಪ-ಅನುದಾನ (ತನ್ನ ಪರವಾಗಿ ಕಾರ್ಯಕ್ರಮ ನಡೆಸಲು ನಗರ ಬೇರೆ ಸಂಸ್ಥೆಗೆ ದಾಟಿಸುವ ಕೇಂದ್ರದ ಹಣ) ಎಂದು ಪರಿಗಣಿಸುವುದಿಲ್ಲ, ಹಾಗಾಗಿ ಕಾಗದಪತ್ರದ ಹೊರೆಯೂ ಹಗುರ. ಇನ್ನೂ ಒಂದು ಹೆಜ್ಜೆ ಮುಂದಿನ ಉಪಾಯವೂ ಇದೆ. ನಗರ ತನ್ನ ಅಗ್ನಿಶಾಮಕ ಸಿಬ್ಬಂದಿಯ ಸಂಬಳವನ್ನು ಚೇತರಿಕೆ ನಿಧಿಯಿಂದ ಕೊಡುತ್ತದೆ, ಅದರಿಂದ ಸ್ವಂತ ಬಜೆಟ್ಟಿನಲ್ಲಿ ಉಳಿದ ಅಷ್ಟೇ ಮೊತ್ತವನ್ನು ಸಮುದಾಯ ಕಾರ್ಯಕ್ರಮಕ್ಕೆ ಹಾಕುತ್ತದೆ. ಕೇಂದ್ರಕ್ಕೆ ಹೋಗುವ ವರದಿಯಲ್ಲಿ ಕಾಣುವುದು ಸಂಬಳ ಮಾತ್ರ. ಕಾರ್ಯಕ್ರಮ ನಗರದ ಸ್ವಂತ ದುಡ್ಡಿನದು, ಕೇಂದ್ರದ ಷರತ್ತುಗಳೂ ಗಡುವುಗಳೂ ಅದಕ್ಕೆ ತಾಗುವುದಿಲ್ಲ. ಇದು ಕಾನೂನುಬದ್ಧ, ಸಣ್ಣ ಸಂಸ್ಥೆಗಳಿಗೆ ಅನುಕೂಲವೂ ಹೌದು. ಆದರೆ ಪಾರದರ್ಶಕತೆಯ ಮಟ್ಟಿಗೆ ನಷ್ಟವೇ. ಚೇತರಿಕೆಯ ದುಡ್ಡನ್ನೆಲ್ಲ ಸಂಬಳಕ್ಕೇ ಸುರಿದರು ಎಂದು ದೂರುವವರೂ ನಮ್ಮ ಬಡಾವಣೆಗೆ ಇಷ್ಟು ಕೊಟ್ಟೆವು ಎನ್ನುವ ಮೇಯರೂ ಒಟ್ಟಿಗೇ ನಿಜ ಹೇಳುತ್ತಿರಬಹುದು. ನಗರದ ಸಾಮಾನ್ಯ ನಿಧಿಯ, ಅಂದರೆ ಸ್ವಂತ ಬಜೆಟ್ಟಿನ, ಪುಸ್ತಕವನ್ನೂ ಪಕ್ಕದಲ್ಲಿ ಬಿಚ್ಚಿಟ್ಟುಕೊಳ್ಳದೆ ಈ ಜಗಳ ಬಗೆಹರಿಯುವುದಿಲ್ಲ.

ಮೊದಲ ಬಾಗಿಲಿನಿಂದ ಹೋದರೆ

ಸಾಂಕ್ರಾಮಿಕದ ಪೆಟ್ಟಿಗೆ ಪರಿಹಾರ ಎಂಬ ತಲೆಬರಹದಡಿ ಹೋಗುವ ಕಾರ್ಯಕ್ರಮ ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟಿರಬೇಕು: ಯಾರಿಗೆ ಪೆಟ್ಟು ಬಿದ್ದಿದೆ, ಈ ಕಾರ್ಯಕ್ರಮ ಆ ಪೆಟ್ಟಿಗೆ ಹೊಂದುವ ಪರಿಹಾರವೇ. ಮೊದಲನೆಯದಕ್ಕೆ ಪ್ರತಿ ಮನೆಯ ಕತೆ ಕೇಳಬೇಕಿಲ್ಲ. ಕುಟುಂಬದ ಆದಾಯ ಕೇಂದ್ರದ ಬಡತನ ಮಾನದಂಡದ ಶೇ. 300ರೊಳಗೆ, ಅಥವಾ ಆ ಪ್ರದೇಶದ ಮಧ್ಯಮ ಆದಾಯದ ಶೇ. 65ರೊಳಗೆ ಇದ್ದರೆ ಪೆಟ್ಟು ಬಿದ್ದಿದೆ ಎಂದೇ ಭಾವಿಸಲಾಗುತ್ತದೆ. ಶೇ. 185 ಅಥವಾ ಶೇ. 40ರೊಳಗೆ ಇದ್ದರೆ ಉಳಿದವರಿಗಿಂತ ಹೆಚ್ಚು ಪೆಟ್ಟು ತಿಂದವರು ಎಂಬ ವರ್ಗ. 2022ರ ಮಾನದಂಡದಲ್ಲಿ ನಾಲ್ಕು ಜನರ ಕುಟುಂಬಕ್ಕೆ ಬಡತನದ ಗೆರೆ 27,750 ಡಾಲರ್. ಅಂದರೆ ಶೇ. 300 ಎಂದರೆ 83,250, ಶೇ. 185 ಎಂದರೆ ಸುಮಾರು 51,300 ಡಾಲರ್. ಬಡತನ ದಟ್ಟವಾಗಿರುವ ಜನಗಣತಿ ವಲಯಗಳೆಂದು ಕೇಂದ್ರ ಗುರುತಿಸಿದ ಜಾಗಗಳಲ್ಲಿ ವಾಸಿಸುವವರೂ ಎರಡನೆಯ ವರ್ಗಕ್ಕೆ ಸೇರುತ್ತಾರೆ.

ಇದು ಸಣ್ಣ ಅನುಕೂಲವಲ್ಲ. ಅಂಥ ವಲಯದೊಳಗೆ ನಡೆಯುವ ಸಂಜೆ ಶಾಲೆಗೆ ಬರುವ ಪ್ರತಿ ಮಗುವಿನ ತಂದೆತಾಯಿಯ ಸಂಬಳದ ಚೀಟಿ ಕೇಳುವ ಅಗತ್ಯವಿಲ್ಲ, ವಲಯದ ನಕಾಶೆ ಮತ್ತು ವಿಳಾಸ ಸಾಕು. ಆದರೆ ಶಾಲೆ ರಸ್ತೆಯಾಚೆಗಿನ ಕಟ್ಟಡಕ್ಕೆ ಸ್ಥಳಾಂತರವಾಗಿ, ಆ ಕಟ್ಟಡ ವಲಯದ ಗೆರೆ ದಾಟಿದ್ದರೆ, ನೆಚ್ಚಿಕೊಂಡಿದ್ದ ಆಧಾರವೇ ಹೋಗುತ್ತದೆ. ಆಗ ಆದಾಯದ ದಾಖಲೆಗಳನ್ನು ಹಿಂದಿನಿಂದ ಸಂಗ್ರಹಿಸಲು ಓಡಾಡಬೇಕಾಗುತ್ತದೆ. ಅರ್ಜಿ ನಮೂನೆಯಲ್ಲಿ ಮೊದಲೇ ಒಂದು ಸಾಲು ಸೇರಿಸಿ, ಕುಟುಂಬದ ಸದಸ್ಯರೆಷ್ಟು, ಆದಾಯ ಯಾವ ಮಿತಿಯೊಳಗೆ ಎಂದು ಸ್ವಯಂ ಘೋಷಣೆ ಬರೆಸಿಕೊಂಡಿದ್ದರೆ ಈ ಪಾಡು ತಪ್ಪುತ್ತದೆ.

ಕಟ್ಟಡ ಕಟ್ಟುವ ಯೋಜನೆಯಾದರೆ, ಉದಾಹರಣೆಗೆ ಸಮುದಾಯ ಭವನ, ಖರ್ಚು 10 ಲಕ್ಷ ಡಾಲರ್ ಮುಟ್ಟಿದೊಡನೆ ಲಿಖಿತ ಸಮರ್ಥನೆ ಬೇಕು. ಕಟ್ಟುವುದೇ ಏಕೆ, ಬೇರೆ ಎರಡು ದಾರಿಗಳಿಗಿಂತ ಇದು ಹೇಗೆ ಮೇಲು ಎಂದು ತೋರಿಸಬೇಕು.

ನಾಲ್ಕು ಹೊಸಿಲು

ಹಂಚಿಕೆ, ಮಂಜೂರಾತಿ, ಬದ್ಧತೆ, ಖರ್ಚು. ಹಂಚಿಕೆ ಎಂದರೆ ಮೇಯರ್ ಕಚೇರಿಯ ಯೋಜನಾಪಟ್ಟಿಯಲ್ಲಿ ಹೆಸರು ಬರುವುದು. ಮಂಜೂರಾತಿ ಎಂದರೆ ನಗರ ಪರಿಷತ್ತು ಮತ ಹಾಕಿ ಬಜೆಟ್ಟಿಗೆ ಸೇರಿಸುವುದು. ಪತ್ರಿಕೆಯ ತಲೆಬರಹಗಳು ಹುಟ್ಟುವುದು ಈ ಎರಡರಲ್ಲಿ. ಕಾನೂನಿನ ಕಣ್ಣಿಗೆ ಕಾಣುವುದು ಮಾತ್ರ ಕೊನೆಯ ಎರಡು. ಬದ್ಧತೆ ಎಂದರೆ ಸಹಿಯಾದ ಗುತ್ತಿಗೆ, ಅನುದಾನದ ಕರಾರು, ಖರೀದಿ ಆದೇಶ, ಅಂದರೆ ಮುಂದೆ ಹಣ ಕೊಡಲೇಬೇಕಾದ ಬಂಧನ. ಮದುವೆಗೆ ಛತ್ರ ನೋಡಿ ಬಂದದ್ದಕ್ಕೂ ಮುಂಗಡ ಕೊಟ್ಟು ರಸೀದಿ ಪಡೆದದ್ದಕ್ಕೂ ಇರುವಷ್ಟೇ ವ್ಯತ್ಯಾಸ ಮಂಜೂರಾತಿಗೂ ಬದ್ಧತೆಗೂ ಇದೆ.

ಗಡುವುಗಳು ಹೀಗಿವೆ: 2021ರ ಮಾರ್ಚ್ 3ರಿಂದ ಈಚಿನ ವೆಚ್ಚ ಮಾತ್ರ ಲೆಕ್ಕಕ್ಕೆ, 2024ರ ಡಿಸೆಂಬರ್ 31ರೊಳಗೆ ಬದ್ಧತೆ, 2026ರ ಡಿಸೆಂಬರ್ 31ರೊಳಗೆ ಖರ್ಚು. ನಂತರ ಸೇರಿಸಿದ ರಸ್ತೆ ಸಾರಿಗೆ ಮತ್ತು ಸಮುದಾಯ ಅಭಿವೃದ್ಧಿ ಕಾಮಗಾರಿಗಳಿಗೆ ಖರ್ಚಿನ ಗಡುವು ಇನ್ನೂ ಮುಂಚೆ, 2026ರ ಸೆಪ್ಟೆಂಬರ್ 30. ತಪ್ಪಿದ್ದು ಖಜಾನೆಗೆ ವಾಪಸ್.

ಇಲ್ಲಿ ಅಷ್ಟಾಗಿ ಗೊತ್ತಿರದ ಒಂದು ಸಡಿಲಿಕೆ ಇದೆ. 2024ರ ಗಡುವು ನಗರಕ್ಕೆ ಮಾತ್ರ ಅನ್ವಯ. ನಗರ ಒಂದು ಸಂಸ್ಥೆಯ ಜೊತೆ ಆ ದಿನದೊಳಗೆ ಕರಾರು ಮಾಡಿದ್ದರೆ ಸಾಕು, ಆ ಸಂಸ್ಥೆ ತನ್ನ ಬಾಡಿಗೆ, ಬಸ್ಸು, ಶಿಕ್ಷಕರ ಒಪ್ಪಂದಗಳನ್ನು ಆಮೇಲೂ ಮಾಡಿಕೊಳ್ಳಬಹುದು. ಖರ್ಚು ಮಾತ್ರ 2026 ದಾಟಬಾರದು. ಸಿಬ್ಬಂದಿ ಸಂಬಳದ ವಿಷಯದಲ್ಲೂ ಖಜಾನೆ ಇಲಾಖೆ 2024ರಲ್ಲಿ ಸ್ಪಷ್ಟನೆ ಕೊಟ್ಟಿತು: ಹುದ್ದೆ ಸೃಷ್ಟಿಸಿ, 2024 ಮುಗಿಯುವ ಮುನ್ನ ಭರ್ತಿಯನ್ನೂ ಮಾಡಿದ್ದರೆ, 2026ರ ಕೊನೆಯವರೆಗಿನ ಆ ಹುದ್ದೆಯ ಸಂಬಳ ಬದ್ಧವಾದಂತೆಯೇ. ಖಾಲಿ ಹುದ್ದೆಗೆ ಈ ಅನುಕೂಲ ಇರಲಿಲ್ಲ. ನಗರದ ಎರಡು ಇಲಾಖೆಗಳ ನಡುವಿನ ಒಡಂಬಡಿಕೆಯೂ ನಿಗದಿತ ಷರತ್ತುಗಳಿಗೆ ಒಳಪಟ್ಟು ಬದ್ಧತೆ ಎನಿಸಿತು. 2024ರ ಕೊನೆಯ ತಿಂಗಳುಗಳಲ್ಲಿ ಇಂಥ ಕಾಗದಗಳಿಗೆ ಸಹಿ ಬೀಳುತ್ತಾ ಹೋದದ್ದು ಇದಕ್ಕೇ.

ಕೈ ಬದಲಾಗುವಾಗ

ನಗರದಿಂದ ಹಣ ಪಡೆಯುವವರು ಮೂರು ಬಗೆ, ಯಾವ ಬಗೆ ಎಂಬುದರ ಮೇಲೆ ನಿಯಮಗಳೆಲ್ಲ ಬದಲಾಗುತ್ತವೆ. ಪೆಟ್ಟು ತಿಂದು ಪರಿಹಾರ ಪಡೆಯುವವರು ಫಲಾನುಭವಿಗಳು, ಬಾಡಿಗೆ ಬಾಕಿಯಿದ್ದ ಕುಟುಂಬದಂತೆ. ದೇಣಿಗೆ ನಿಂತು ಮುಚ್ಚುವ ಹಂತಕ್ಕೆ ಬಂದ ಸ್ವಯಂಸೇವಾ ಸಂಸ್ಥೆಯೂ ಈ ಸಾಲಿಗೆ ಬರಬಹುದು. ನಗರದ ಪರವಾಗಿ ಕಾರ್ಯಕ್ರಮ ನಡೆಸುವ ಸಂಸ್ಥೆ ಉಪ-ಅನುದಾನಿತ. ನಗರಕ್ಕೆ ಒಂದು ವಸ್ತುವನ್ನೋ ಸೇವೆಯನ್ನೋ ಮಾರುವವರು ಗುತ್ತಿಗೆದಾರರು. ಒಂದೇ ಸಂಸ್ಥೆ ತನ್ನ ನಷ್ಟಕ್ಕೆ ಪರಿಹಾರ ಪಡೆದರೆ ಫಲಾನುಭವಿ, ಆಹಾರ ಕಿಟ್ ಹಂಚಲು ಹಣ ಪಡೆದರೆ ಉಪ-ಅನುದಾನಿತ. ಮೊದಲನೆಯದಕ್ಕೆ ನಷ್ಟದ ಪುರಾವೆ ಸಾಕು. ಎರಡನೆಯದಕ್ಕೆ ಕೇಂದ್ರದ ಅನುದಾನ ನಿಯಮಾವಳಿ ಇಡಿಯಾಗಿ ಹೆಗಲೇರುತ್ತದೆ. ಕರಾರಿನ ಮೇಲೆ ಸುಮ್ಮನೆ 'ಅನುದಾನ' ಎಂದು ಬರೆದು ಬಗೆ ಯಾವುದೆಂದು ತೀರ್ಮಾನಿಸದೆ ಬಿಟ್ಟರೆ ಆಡಿಟ್‌ನಲ್ಲಿ ಮೊದಲು ಸಿಕ್ಕಿಬೀಳುವುದು ಅದೇ.

ಉಪ-ಅನುದಾನದ ದಾರಿ ಹೆಚ್ಚುಕಡಿಮೆ ಹೀಗಿರುತ್ತದೆ. ನಗರ ಪ್ರಸ್ತಾವಗಳನ್ನು ಕರೆಯುತ್ತದೆ, ಅಂಕ ಹಾಕಿ ಆಯ್ಕೆ ಮಾಡುತ್ತದೆ. ಸಂಸ್ಥೆ ಕೇಂದ್ರದ ನೋಂದಣಿ ತಾಣದಲ್ಲಿ 12 ಅಕ್ಷರ-ಅಂಕಿಗಳ ವಿಶಿಷ್ಟ ಗುರುತು ಪಡೆಯಬೇಕು. ಇಲ್ಲಿಯೇ ವಾರಗಟ್ಟಲೆ ಹೋಗುವುದುಂಟು. ತೆರಿಗೆ ದಾಖಲೆಯಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು, ಹಳೆಯ ವಿಳಾಸ, ಇಷ್ಟು ಸಾಕು ಅರ್ಜಿ ನಿಲ್ಲಲು. ಉಪ-ಅನುದಾನಿತರಿಗೆ ಬೇಕಾದದ್ದು ಈ ಗುರುತು ಮಾತ್ರ, ಪೂರ್ಣ ನೋಂದಣಿ ಅಲ್ಲ. ಗೊತ್ತಿಲ್ಲದ ಸಂಸ್ಥೆಗಳು ಪೂರ್ಣ ನೋಂದಣಿಗೇ ಕೂತು ತಿಂಗಳು ಕಳೆಯುತ್ತವೆ.

ಆಮೇಲೆ ಅಪಾಯದ ಅಂದಾಜು: ಸಂಸ್ಥೆಗೆ ಕೇಂದ್ರದ ಹಣ ನಿಭಾಯಿಸಿದ ಅನುಭವವಿದೆಯೇ, ಲೆಕ್ಕ ಬರೆಯುವವರು ಬೇರೆ, ಚೆಕ್ಕಿಗೆ ಸಹಿ ಹಾಕುವವರು ಬೇರೆ ಇದ್ದಾರೆಯೇ, ಹಿಂದಿನ ಆಡಿಟ್‌ನಲ್ಲಿ ಆಕ್ಷೇಪಗಳಿದ್ದವೇ. ಅಂದಾಜು ಮಾಡಿ ಕಡತಕ್ಕೆ ಹಾಕಿದರೆ ಸಾಲದು. ಅಪಾಯ ಹೆಚ್ಚೆಂದು ಕಂಡ ಸಂಸ್ಥೆಯಿಂದ ಪ್ರತಿ ತಿಂಗಳು ರಸೀದಿ ಕೇಳಬೇಕು, ಕಡಿಮೆಯಿದ್ದರೆ ಮೂರು ತಿಂಗಳಿಗೊಮ್ಮೆ. ಎಲ್ಲರಿಗೂ ಒಂದೇ ಅಳತೆ ಹಾಕುವ ನಗರಗಳಲ್ಲಿ ಸಿಬ್ಬಂದಿಯ ಸಮಯವೆಲ್ಲ ಚೆನ್ನಾಗಿ ನಡೆಯುವ ಸಂಸ್ಥೆಗಳ ಕಾಗದ ನೋಡುವುದರಲ್ಲೇ ಮುಗಿಯುತ್ತದೆ.

ಕರಾರಿನಲ್ಲಿ ಕೇಂದ್ರ ಅನುದಾನದ ಸಂಖ್ಯೆ, ಕೇಂದ್ರದ ನೆರವು ಯೋಜನೆಗಳ ಪಟ್ಟಿಯಲ್ಲಿ ಇದರ ಸಂಖ್ಯೆಯಾದ 21.027, ಅವಧಿ, ಮೊತ್ತ, ಪರೋಕ್ಷ ವೆಚ್ಚದ ದರ, ದಾಖಲೆ ನೋಡುವ ಹಕ್ಕು, ಮುಕ್ತಾಯದ ಷರತ್ತು ಇವೆಲ್ಲ ಇರಬೇಕು. ಪರೋಕ್ಷ ವೆಚ್ಚ ಎಂದರೆ ಕಚೇರಿ ಬಾಡಿಗೆ, ವಿದ್ಯುತ್ತು, ಲೆಕ್ಕಿಗರ ಸಂಬಳದಂಥವು. ತಮ್ಮದೇ ಒಪ್ಪಿತ ದರವಿಲ್ಲದ ಸಂಸ್ಥೆಗಳು ನೇರ ವೆಚ್ಚದಲ್ಲಿ ನಿಯಮ ನಿಗದಿಪಡಿಸಿದ ಭಾಗದ ಮೇಲೆ ಶೇ. 10 ಹಾಕಿಕೊಳ್ಳಬಹುದಿತ್ತು. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಇದನ್ನು ಶೇ. 15ಕ್ಕೆ ಏರಿಸಿತು. ಕೇಳಲು ಸಂಕೋಚಪಟ್ಟು ಇದನ್ನು ಬಿಟ್ಟ ಸಂಸ್ಥೆ ಪ್ರತಿ ಡಾಲರ್ ಸೇವೆಗೂ ತನ್ನ ಜೇಬಿನಿಂದ ಒಂದಷ್ಟು ಸೇರಿಸುತ್ತಿರುತ್ತದೆ.

ಬಹಳ ಕಾರ್ಯಕ್ರಮಗಳು ಮುಗ್ಗರಿಸುವುದು ಮರುಪಾವತಿ ಪದ್ಧತಿಯಲ್ಲಿ. ನಗರಕ್ಕೆ ಕೇಂದ್ರ ಮುಂಗಡ ಕೊಟ್ಟಿದ್ದರೂ ನಗರ ತನ್ನ ಸಂಸ್ಥೆಗಳಿಗೆ ಮೊದಲು ಖರ್ಚು ಮಾಡಿ ಬಿಲ್ಲು ತನ್ನಿ ಎನ್ನುತ್ತದೆ. 1,50,000 ಡಾಲರಿನ ಹತ್ತು ವಾರಗಳ ಬೇಸಿಗೆ ಶಿಬಿರ ಎಂದಿಟ್ಟುಕೊಳ್ಳಿ. ವಾರಕ್ಕೆ 15,000 ಡಾಲರ್ ಹೊರಗೆ ಹೋಗುತ್ತದೆ. ಬಿಲ್ಲು ತಿಂಗಳಿಗೊಮ್ಮೆ, ಪಾವತಿಗೆ ಇನ್ನೂ 45 ದಿನ ಎಂದಾದರೆ, ಮೊದಲ ಡಾಲರ್ ಮರಳುವ ಹೊತ್ತಿಗೆ ಶಿಬಿರವೇ ಮುಗಿದಿರುತ್ತದೆ. ಅಂದರೆ ಸಂಸ್ಥೆಯ ಬಳಿ ಹೆಚ್ಚುಕಡಿಮೆ ಪೂರ್ತಿ ಮೊತ್ತ ಮೊದಲೇ ಇರಬೇಕು. ಇಷ್ಟು ಮೀಸಲು ಹಣ ದೊಡ್ಡ ಸಂಸ್ಥೆಗಳಲ್ಲೇ ಇರುವುದು, ಹಾಗಾಗಿ ಹಣವೂ ಅವರ ಕಡೆಗೇ ಹರಿಯುತ್ತದೆ. ಪೆಟ್ಟು ಬಿದ್ದ ಬಡಾವಣೆಯಲ್ಲೇ ಬೇರು ಬಿಟ್ಟ ಪುಟ್ಟ ಸಂಸ್ಥೆಗಳು ಅರ್ಜಿ ಹಾಕುವ ಮುಂಚೆಯೇ ಹಿಂದೆ ಸರಿಯುತ್ತವೆ. ಕೇಂದ್ರದ ನಿಯಮ ಮುಂಗಡ ಕೊಡಬೇಡಿ ಎಂದು ಎಲ್ಲೂ ಹೇಳಿಲ್ಲ. ಶೇ. 25ರಷ್ಟು ಮುಂಗಡ ಕೊಟ್ಟು, ಅದರ ಲೆಕ್ಕ ಬಂದ ಮೇಲೆ ಮುಂದಿನ ಕಂತು ಬಿಡುವುದು ಪೂರ್ಣ ನ್ಯಾಯಸಮ್ಮತ. ಮರುಪಾವತಿಗೇ ಅಂಟಿಕೊಳ್ಳುವುದು ನಗರದ ಹಣಕಾಸು ಇಲಾಖೆಯ ಅಭ್ಯಾಸಬಲ ಅಷ್ಟೆ.

ಬಿಲ್ಲುಗಳನ್ನು ತಿರಸ್ಕರಿಸಲು ಕಾರಣಗಳು ಸಾಮಾನ್ಯವಾಗಿ ಇವೇ: ಸಂಬಳ ಕೇಳಿದ್ದಾರೆ, ಗಂಟೆಗಳ ಹಾಜರಿ ಪಟ್ಟಿಗೆ ಮೇಲಧಿಕಾರಿಯ ಸಹಿಯಿಲ್ಲ; ಒಬ್ಬರೇ ನೌಕರರ ಸಮಯವನ್ನು ಎರಡು ಅನುದಾನಗಳಿಗೆ ಹಂಚಿ ಕೂಡಿದರೆ ಶೇ. 100 ದಾಟುತ್ತದೆ, ರಸೀದಿಯಲ್ಲಿ ಮೊತ್ತವಿದೆ, ಏನು ಕೊಂಡರೆಂದು ಇಲ್ಲ, ಕರಾರಿಗೆ ಮುಂಚಿನ ದಿನಾಂಕ. ಖರೀದಿಯಲ್ಲೂ ಎಚ್ಚರ ಬೇಕು. 2025ರ ಅಕ್ಟೋಬರ್‌ಗೆ ಮುಂಚಿನ ಮಿತಿಗಳಂತೆ 10,000 ಡಾಲರ್‌ವರೆಗೆ ಬೆಲೆ ನ್ಯಾಯವಾಗಿದ್ದರೆ ನೇರ ಕೊಳ್ಳಬಹುದಿತ್ತು, ಅಲ್ಲಿಂದ 2,50,000ದವರೆಗೆ ಒಂದಕ್ಕಿಂತ ಹೆಚ್ಚು ಕೊಟೇಶನ್, ಅದಕ್ಕೂ ಮೇಲಾದರೆ ಬಹಿರಂಗ ಟೆಂಡರ್ ಬೇಕಿತ್ತು. ನಗರದ ಸ್ವಂತ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅನ್ವಯ. ಸಂಸ್ಥೆಯೊಂದು ಒಂದು ವರ್ಷದಲ್ಲಿ ಎಲ್ಲ ಮೂಲಗಳಿಂದ ಒಟ್ಟು 7.5 ಲಕ್ಷ ಡಾಲರ್ ಕೇಂದ್ರದ ಹಣ ಖರ್ಚು ಮಾಡಿದರೆ ವಿಶೇಷ ಆಡಿಟ್ ಕಡ್ಡಾಯವಾಗಿತ್ತು. 2024ರ ಅಕ್ಟೋಬರ್ 1ರಿಂದ ಈಚೆಗೆ ಆರಂಭವಾಗುವ ಹಣಕಾಸು ವರ್ಷಗಳಿಗೆ ಈ ಮಿತಿ 10 ಲಕ್ಷ. ಕಾಗದಗಳನ್ನು ಹಣ ಪೂರ್ತಿ ಖರ್ಚಾದ ಮೇಲೂ ಐದು ವರ್ಷ ಕಾಪಾಡಬೇಕು.

ನಗದು ನೆರವು, ಸಾಲ ಮನ್ನಾ

ಎಲ್ಲ ನಗರಗಳೂ ಸಂಸ್ಥೆಗಳ ಮೂಲಕವೇ ಹೋಗಲಿಲ್ಲ. ಷಿಕಾಗೊ 3.15 ಕೋಟಿ ಡಾಲರ್ ತೆಗೆದಿಟ್ಟು 5,000 ಕುಟುಂಬಗಳಿಗೆ ಹನ್ನೆರಡು ತಿಂಗಳು, ತಿಂಗಳಿಗೆ 500 ಡಾಲರ್ ಕೊಟ್ಟಿತು. ಲೆಕ್ಕ ಹಾಕಿ ನೋಡಿ: ಕುಟುಂಬಗಳಿಗೆ ನೇರ ಹೋಗಬೇಕಾದದ್ದು 3 ಕೋಟಿ, ಉಳಿದ 15 ಲಕ್ಷ ಇತರ ವೆಚ್ಚಕ್ಕೆ. ಓಹಾಯೊದ ಟೊಲೀಡೊ ನಗರವೂ ಅದಿರುವ ಲ್ಯೂಕಸ್ ಕೌಂಟಿಯೂ ತಲಾ 8 ಲಕ್ಷ ಡಾಲರ್ ಹಾಕಿ ನಿವಾಸಿಗಳ ಆಸ್ಪತ್ರೆ ಸಾಲವನ್ನು ಕೊಂಡು ಮನ್ನಾ ಮಾಡುವ ಯೋಜನೆಗೆ ಕೈಹಾಕಿದವು. ವಸೂಲಾಗದ ಸಾಲ ಮುಖಬೆಲೆಯ ಅತಿ ಸಣ್ಣ ಪಾಲಿಗೆ ಸಿಗುವುದರಿಂದ ಸಣ್ಣ ಮೊತ್ತದಿಂದ ದೊಡ್ಡ ಸಾಲ ಅಳಿಸಬಹುದು ಎಂಬುದು ಇದರ ಹಿಂದಿನ ಲೆಕ್ಕ.

ನಗದಿನಲ್ಲಿ ತೊಡಕು ಬೇರೆ ಬಗೆಯದು. ತಿಂಗಳಿಗೆ ಬರುವ 500 ಡಾಲರ್ ಆಹಾರ ನೆರವು, ವಸತಿ ಸಬ್ಸಿಡಿಯ ಲೆಕ್ಕದಲ್ಲಿ ಆದಾಯವೆಂದು ಸೇರಿಬಿಟ್ಟರೆ ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಆ ಸವಲತ್ತುಗಳನ್ನು ನಡೆಸುವ ಇಲಾಖೆಗಳ ಜೊತೆ ಮಾತಾಡಿ ವಿನಾಯಿತಿ ಪಡೆಯುವ ಕೆಲಸ ಮೊದಲ ಪಾವತಿಗೆ ತಿಂಗಳುಗಳ ಮುಂಚೆ ಶುರುವಾಗಬೇಕು. ಯಾವ ಸವಲತ್ತಿಗೆ ವಿನಾಯಿತಿ ಸಿಗಲಿಲ್ಲವೋ ಅದನ್ನು ಅರ್ಜಿದಾರರಿಗೆ ಸಹಿಗೆ ಮುಂಚೆ ತಿಳಿಸಬೇಕು. ಹಣ ತೆಗೆದುಕೊಳ್ಳದಿರುವುದೇ ಕೆಲವು ಕುಟುಂಬಗಳಿಗೆ ಲಾಭ.

ವರದಿ ಓದುವ ಬಗೆ

ಜನಸಂಖ್ಯೆ 2,50,000 ಮೀರಿದ ಅಥವಾ 1 ಕೋಟಿ ಡಾಲರಿಗಿಂತ ಹೆಚ್ಚು ಪಡೆದ ನಗರಗಳು ಮೂರು ತಿಂಗಳಿಗೊಮ್ಮೆ, ಉಳಿದವು ಏಪ್ರಿಲ್ 30ರೊಳಗೆ ವರ್ಷಕ್ಕೊಮ್ಮೆ ಖಜಾನೆ ಇಲಾಖೆಗೆ ಯೋಜನಾವಾರು ವರದಿ ಕೊಡುತ್ತವೆ. 2,50,000 ಮೀರಿದವು ಜುಲೈ 31ಕ್ಕೆ ವಿವರವಾದ ಸಾಧನಾ ವರದಿಯನ್ನೂ ಪ್ರಕಟಿಸುತ್ತವೆ. 50,000 ಡಾಲರಿಗಿಂತ ಕಡಿಮೆಯ ಉಪ-ಅನುದಾನಗಳು ಒಟ್ಟು ಮೊತ್ತವಾಗಿ ಮಾತ್ರ ಕಾಣುತ್ತವೆ, ಹೆಸರು ಸಿಗುವುದಿಲ್ಲ. ಪುಟ್ಟ ಸಂಸ್ಥೆಗೆ ಏನಾದರೂ ಸಿಕ್ಕಿತೇ ಎಂದು ಹುಡುಕುವವರು ನಗರದ ಚೆಕ್ಕುಗಳ ಪಟ್ಟಿಯನ್ನೇ ಕೇಳಬೇಕು.

ವರದಿಯಲ್ಲಿ ಮೊದಲು ನೋಡಬೇಕಾದದ್ದು ವೆಚ್ಚದ ವರ್ಗದ ಸಂಖ್ಯೆ. 6ರಿಂದ ಶುರುವಾಗಿದ್ದರೆ ಅದು ಆದಾಯ ನಷ್ಟದ ಖಾತೆ, ವಿವರ ತೆಳುವಾಗಿರುತ್ತದೆ. 1 ಅಥವಾ 2ರಿಂದ ಶುರುವಾಗಿದ್ದರೆ ಯಾರಿಗೆ, ಎಷ್ಟು, ಏಕೆ ಎಂಬುದಕ್ಕೆ ಉತ್ತರ ಸಿಗುತ್ತದೆ. ಆಮೇಲೆ ಬದ್ಧತೆ ಮತ್ತು ಖರ್ಚಿನ ಅಂಕಣಗಳ ನಡುವಿನ ಅಂತರ. 2025ರಿಂದ ಈಚಿನ ಅವಧಿಯ ವರದಿಗಳಲ್ಲಿ ಬದ್ಧತೆಯ ಅಂಕಣದ ಒಟ್ಟು ಮೊತ್ತ ಬೆಳೆಯುವಂತಿಲ್ಲ. ಒಂದು ಯೋಜನೆಯಲ್ಲಿ ಉಳಿದ ಹಣವನ್ನು 2024ರೊಳಗೇ ಬದ್ಧವಾಗಿದ್ದ ಇನ್ನೊಂದು ಅರ್ಹ ಕೆಲಸಕ್ಕೆ ತಿರುಗಿಸಬಹುದು, ಹೊಸ ಕೆಲಸ ಹುಟ್ಟಿಸುವಂತಿಲ್ಲ. ಅಂತರ ಹಲವು ತ್ರೈಮಾಸಿಕ ಹಾಗೆಯೇ ನಿಂತಿದ್ದರೆ ಆ ಸಂಸ್ಥೆಯ ಬಿಲ್ಲುಗಳು ಎಲ್ಲೋ ಸಿಕ್ಕಿಕೊಂಡಿವೆ ಎಂದರ್ಥ. ಜೊತೆಗೆ ನಗರದ 2027ರ ಬಜೆಟ್ ಕರಡನ್ನು ಇಟ್ಟುಕೊಂಡು ನೋಡಿ. ಚೇತರಿಕೆ ನಿಧಿಯಿಂದ ಸಂಬಳ ಪಡೆಯುತ್ತಿದ್ದ ಸಮುದಾಯ ಕಾರ್ಯಕರ್ತರ ಹುದ್ದೆಗಳು ಅಲ್ಲಿ ಸಾಮಾನ್ಯ ನಿಧಿಯ ಸಾಲಿಗೆ ಬಂದಿಲ್ಲದಿದ್ದರೆ, ಬೇರೆ ಅನುದಾನವೂ ಕಾಣದಿದ್ದರೆ, 2026ರ ಡಿಸೆಂಬರ್ 31 ಆ ಕಾರ್ಯಕ್ರಮದ ಕೊನೆಯ ದಿನ. ಪರಿಷತ್ತಿನ ಸಭೆಯಲ್ಲಿ ಅದನ್ನು ಕೇಳಬೇಕಾದ ಸಮಯ ಬಜೆಟ್ಟಿಗೆ ಮತ ಬೀಳುವ ಮುನ್ನ.